ನೋವಿಗೆ ಕಾಯಬೇಡಿ, ಗಡಿಯಾರ ನೋಡಿ

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಕಾಯಿಲೆ ಇರುವ ಮಕ್ಕಳ ಅಪ್ಪ ಅಮ್ಮಂದಿರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆದುಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಬರೆದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷವನ್ನೂ, ನಾನು ಹಾದಿ ತಪ್ಪಿ ಕ್ರಿಕೆಟ್ ಬಗ್ಗೆ ಮಾತಾಡಿದ್ದನ್ನೂ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ಹುಟ್ಟಿನಿಂದಲೇ ಸಿವಿಯರ್ ಹಿಮೋಫಿಲಿಯಾ ಎ ಇದೆ. ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನು ನನ್ನ ರಕ್ತದಲ್ಲಿ ಇರಬೇಕಾದದ್ದರ ಶೇಕಡಾ 1ಕ್ಕಿಂತ ಕಡಿಮೆ. ನಿಮ್ಮ ಮಗುವಿಗೆ ಎಷ್ಟು ಡೋಸ್ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಮಂಡಿ ಹೇಗೆ ಹಾಳಾಗುತ್ತದೆ ಅಂತ ಬೇಕಾದರೆ ನನ್ನನ್ನು ಕೇಳಿ. ಆ ವಿಷಯದಲ್ಲಿ ನನಗೆ ಅನುಭವ ಜಾಸ್ತಿ.

ವೇದಿಕೆ ಹತ್ತುವಾಗ ನೋಡಿದಿರಲ್ಲ, ನನ್ನ ಎಡಗಾಲು ನೆಟ್ಟಗೆ ಚಾಚುವುದಿಲ್ಲ. ಮಂಡಿ ಸ್ವಲ್ಪ ಬಾಗಿಯೇ ಇರುತ್ತದೆ. ಮೆಟ್ಟಿಲು ಹತ್ತಿದರೆ ಒಳಗೆ ಕರಕರ ಅನ್ನುತ್ತದೆ. ಕಾರಿಡಾರಿನಲ್ಲಿ ನನ್ನ ನಡಿಗೆಯ ಸದ್ದು ಕೇಳಿಯೇ ಹುಡುಗರು ಪುಸ್ತಕ ತೆಗೆಯುತ್ತಿದ್ದರು. ಆ ಮಂಡಿಯಿಂದ ಆದ ಉಪಕಾರ ಅದೊಂದೇ.

ಹಿಮೋಫಿಲಿಯಾ ಅಂದ ಕೂಡಲೇ ಜನ ಚಾಕು ತಗುಲಿದರೆ ರಕ್ತ ನಿಲ್ಲುವುದಿಲ್ಲ ಅನ್ನುವುದನ್ನೇ ಯೋಚಿಸುತ್ತಾರೆ. ನಮ್ಮನ್ನು ನಿಜವಾಗಿ ಕುಂಟರನ್ನಾಗಿ ಮಾಡುವುದು ಕಣ್ಣಿಗೆ ಕಾಣದ ರಕ್ತ. ಸಿವಿಯರ್ ಇರುವವರಿಗೆ ಆಗುವ ಬ್ಲೀಡ್‌ಗಳಲ್ಲಿ ನೂರಕ್ಕೆ 70ರಿಂದ 80 ಕೀಲಿನ ಒಳಗೇ ಆಗುತ್ತವೆ. ಮಂಡಿ, ಮೊಣಕೈ, ಪಾದದ ಕೀಲು, ಈ ಮೂರೇ ಮುಖ್ಯ. ಇವತ್ತು ನಾನು ಮಾತಾಡುವುದು ಆ ಕೀಲುಗಳ ಒಳಗಿರುವ ಒಂದು ತೆಳು ಪದರದ ಬಗ್ಗೆ. ಪಠ್ಯಪುಸ್ತಕದಲ್ಲಿ ಮೃದ್ವಸ್ಥಿ ಅಂತ ಇರುತ್ತದೆ. ನಾನು ಕಾರ್ಟಿಲೇಜ್ ಅಂತಲೇ ಅನ್ನುತ್ತೇನೆ, ಸ್ಕ್ಯಾನ್ ರಿಪೋರ್ಟಿನಲ್ಲೂ ಅದೇ ಇರುತ್ತದೆ.

ನಾಟಿ ಕೋಳಿ ಸಾರು ತಿನ್ನುವವರಿಗೆ ಇದನ್ನು ವಿವರಿಸುವುದು ಸುಲಭ. ಕಾಲಿನ ತುಂಡು ಕೈಯಲ್ಲಿ ಹಿಡಿದಾಗ ಮೂಳೆಯ ತುದಿಯಲ್ಲಿ ಬೆಳ್ಳಗೆ ಹೊಳೆಯುವ ಟೊಪ್ಪಿಗೆ ಇರುತ್ತದಲ್ಲ, ಅದೇ. ತಿನ್ನದವರು ಬಲಿತ ಎಳನೀರನ್ನು ನೆನಪಿಸಿಕೊಳ್ಳಿ. ಚಿಪ್ಪಿಗೆ ಅಂಟಿಕೊಂಡ ಗಂಜಿ ನುಣುಪಾಗಿ, ಜಾರುವ ಹಾಗೆ ಇರುತ್ತದೆ. ಮಂಡಿಯಲ್ಲಿ ಮೂಳೆಗೆ ಅಂಟಿಕೊಂಡ ಪದರವೂ ಹಾಗೆಯೇ. ದಪ್ಪ ಕೆಲವೇ ಮಿಲಿಮೀಟರ್. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರು. ಆ ನೀರನ್ನು ಹಿಡಿದಿಡುವುದಕ್ಕೆ ಕೊಲಾಜೆನ್ ಎಂಬ ನಾರಿನ ಬಲೆ, ಬಲೆಯೊಳಗೆ ಪ್ರೋಟಿಯೋಗ್ಲೈಕನ್ ಎಂಬ ನೀರು ಹೀರುವ ವಸ್ತು. ಕಾಲೂರಿದಾಗ ನೀರು ಹಿಂಡಿ ಹೊರಗೆ ಹೋಗುತ್ತದೆ, ಎತ್ತಿದಾಗ ಮತ್ತೆ ಒಳಗೆ ಬರುತ್ತದೆ. ಸ್ಪಂಜಿನ ಹಾಗೆ.

ಈ ಪದರದಲ್ಲಿ ರಕ್ತನಾಳ ಇಲ್ಲ. ಊಟ ಉಪಚಾರ ಎಲ್ಲ ಕೀಲಿನೊಳಗಿನ ದ್ರವದಿಂದಲೇ. ಅದೂ ನಾವು ನಡೆದು ಹಿಂಡಿದರೆ ಮಾತ್ರ ಸರಿಯಾಗಿ ಸಿಗುತ್ತದೆ. ಪದರವನ್ನು ನೋಡಿಕೊಳ್ಳುವ ಜೀವಕೋಶಗಳು ಬಹಳ ಕಡಿಮೆ, ದೂರ ದೂರ ಕೂತಿರುತ್ತವೆ, ದೊಡ್ಡ ತೋಟಕ್ಕೆ ಒಬ್ಬಿಬ್ಬರು ಕಾವಲುಗಾರರಿದ್ದ ಹಾಗೆ. ಅವು ಸತ್ತರೆ ಅವುಗಳ ಜಾಗಕ್ಕೆ ಹೊಸಬರು ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಚರ್ಮ ಹರಿದರೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೂ ಕೂಡಿಕೊಳ್ಳುತ್ತದೆ. ಇದು ಸವೆದರೆ ಸವೆದದ್ದೇ.

ಇನ್ನೊಂದು ವಿಷಯ ಇದೆ. ನಾನು ಇಲ್ಲಿ ನಿಂತಿರುವುದೇ ಅದನ್ನು ಹೇಳುವುದಕ್ಕೆ. ಕಾರ್ಟಿಲೇಜಿನಲ್ಲಿ ನೋವು ತಿಳಿಸುವ ನರಗಳೂ ಇಲ್ಲ. ಬ್ಲೀಡ್ ಆದಾಗ ಕಿರುಚಿಕೊಳ್ಳುತ್ತೇವಲ್ಲ, ಆ ನೋವು ಕೀಲಿನ ಸುತ್ತಲ ಚೀಲ ರಕ್ತ ತುಂಬಿ ಬಿಗಿದುಕೊಂಡಾಗ ಬರುವುದು. ಅಷ್ಟು ಹೊತ್ತಿಗೆ ಒಳಗೆ ಬೇಕಾದಷ್ಟು ರಕ್ತ ಸೇರಿರುತ್ತದೆ. ಆಮೇಲೆ ಬಿಗಿತ ಇಳಿದ ಕೂಡಲೇ ನೋವೂ ಹೋಗುತ್ತದೆ. ಆದರೆ ಕಾರ್ಟಿಲೇಜ್ ಇನ್ನೂ ರಕ್ತದಲ್ಲೇ ನೆನೆಯುತ್ತಿರುತ್ತದೆ. ನೋವು ಬರುವುದೂ ತಡ, ಹೋಗುವುದೂ ಬೇಗ. ಎರಡು ಕಡೆಯೂ ಸುಳ್ಳು ಹೇಳುತ್ತದೆ.

ನಾನು ಈ ಸುಳ್ಳನ್ನು ನಂಬಿ ಮಂಡಿ ಕಳೆದುಕೊಂಡವನು. ಸುಮ್ನೆ ನನ್ನ ಕಥೆ ಹೇಳುತ್ತಿಲ್ಲ, ಅದರಲ್ಲಿ ನಾಲ್ಕು ತಪ್ಪುಗಳಿವೆ, ಎಣಿಸಿಕೊಳ್ಳಿ. ನನಗೆ ಏಳು ವರ್ಷ ಇದ್ದಾಗ ಕೆರೆ ಏರಿಯ ಮೇಲೆ ಜಾರಿ ಬಿದ್ದೆ. ಬೆಳಗಾಗುವಷ್ಟರಲ್ಲಿ ಮಂಡಿ ಸಣ್ಣ ಕುಂಬಳಕಾಯಿ. "ವಾತ ಹಿಡಿದಿದೆ ಕಣೋ, ಶಾಖ ಕೊಟ್ಟರೆ ಇಳಿಯುತ್ತೆ" ಅಂತ ಅಜ್ಜಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟರು. ಬಿಸಿಗೆ ರಕ್ತನಾಳ ಹಿಗ್ಗುತ್ತದೆ. ಊತ ಜಾಸ್ತಿ ಆಯಿತು. ಹರಳೆಣ್ಣೆ ಹಚ್ಚಿ ತಿಕ್ಕಿದರು. ಇನ್ನೂ ಜಾಸ್ತಿ. ಪೇಟೆಯ ಡಾಕ್ಟರೂ ಕೀಲು ವಾತ ಅಂತಲೇ ತಿಳಿದು ಆಸ್ಪಿರಿನ್ ಕೊಟ್ಟರು. ಅದು ರಕ್ತ ನಿಲ್ಲಿಸಲು ಇದ್ದಬದ್ದ ಪ್ಲೇಟ್‌ಲೆಟ್ ಕೆಲಸವನ್ನೂ ಕೆಡಿಸುವ ಮಾತ್ರೆ. ಆ ಡಾಕ್ಟರನ್ನು ನಾನು ಬೈಯುವುದಿಲ್ಲ. ಆಗ ನಮ್ಮ ಕಡೆ ಈ ಕಾಯಿಲೆ ನೋಡಿದವರೇ ಅಪರೂಪ. ಹದಿನೈದು ದಿನಕ್ಕೆ ನೋವು ಹೋಯಿತು. ನಾನು ಮತ್ತೆ ಕೆರೆ ಏರಿಗೆ ಓಡಿದೆ. ಅದೇ ನಾಲ್ಕನೇ ತಪ್ಪು.

ನನಗೆ ಹಿಮೋಫಿಲಿಯಾ ಅಂತ ಗೊತ್ತಾಗಿದ್ದು ಹನ್ನೊಂದನೇ ವರ್ಷದಲ್ಲಿ, ಹಲ್ಲು ಕಿತ್ತಾಗ ಐದು ದಿನ ರಕ್ತ ನಿಲ್ಲದೆ. ಆಗ ಅಮ್ಮ ಬಾಯಿ ಬಿಟ್ಟರು. ಅವರ ತಮ್ಮ ಚಿಕ್ಕವನಿದ್ದಾಗ ಹಾಗೇ ತೀರಿಕೊಂಡಿದ್ದನಂತೆ. ಈ ಗುಣ ಎಕ್ಸ್ ಕ್ರೋಮೋಸೋಮಿನಲ್ಲಿ ಬರುವುದರಿಂದ ಸೋದರಮಾವನ ಕಥೆ ಅಳಿಯನಲ್ಲಿ ಮರುಕಳಿಸುತ್ತದೆ. ಹಾಗಂತ ಮನೆಯಲ್ಲಿ ಯಾರಿಗೂ ಇಲ್ಲದೆ ಮಗುವಿಗೆ ಮಾತ್ರ ಬರುವುದೂ ಸುಮಾರು ಮೂರರಲ್ಲಿ ಒಂದು ಪಾಲು. ಇಲ್ಲಿ ಕೂತಿರುವ ಅಮ್ಮಂದಿರು ಯಾರೂ ತಮ್ಮನ್ನು ತಾವು ಬೈದುಕೊಳ್ಳಬೇಡಿ. ನಮ್ಮಮ್ಮ ಬದುಕಿಡೀ ಬೈದುಕೊಂಡರು. ಅದರಿಂದ ನನ್ನ ಮಂಡಿಗೆ ಏನೂ ಆಗಲಿಲ್ಲ, ಅವರ ನಿದ್ದೆ ಮಾತ್ರ ಹೋಯಿತು.

ಈಗ ಸ್ವಲ್ಪ ಕೆಮಿಸ್ಟ್ರಿ. ಹೆದರಬೇಡಿ, ಪರೀಕ್ಷೆ ಇಲ್ಲ.

ಕೀಲಿನ ಒಳಗೋಡೆಗೆ ಸೈನೋವಿಯಂ ಅಂತ ಒಂದು ಪೊರೆ ಇದೆ. ಕೀಲಿಗೆ ಎಣ್ಣೆ ಹಾಕುವುದು ಅದರ ಕೆಲಸ. ಕಾರ್ಟಿಲೇಜಿನ ಹಾಗಲ್ಲ, ಇದರಲ್ಲಿ ಸಣ್ಣ ಸಣ್ಣ ರಕ್ತನಾಳಗಳು ತುಂಬಿರುತ್ತವೆ. ಎಲ್ಲರಿಗೂ ಓಡಿ ಆಡಿ ಅಲ್ಲೊಂದು ಇಲ್ಲೊಂದು ನಾಳ ಬಿರಿಯುತ್ತಲೇ ಇರುತ್ತದೆ, ಬೇರೆಯವರಿಗೆ ಗೊತ್ತಾಗುವ ಮುಂಚೆಯೇ ಮುಚ್ಚಿಕೊಳ್ಳುತ್ತದೆ. ನಮಗೆ ಮುಚ್ಚುವುದಿಲ್ಲ. ಅದರ ಮೇಲೆ, ರಕ್ತ ಹೆಪ್ಪುಗಟ್ಟುವುದಕ್ಕೆ ಕಿಡಿ ಹಚ್ಚುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಮೆದುಳಿನಂಥ ಜಾಗದಲ್ಲಿ ಧಾರಾಳ, ಕೀಲಿನ ಪೊರೆಯಲ್ಲಿ ಕಮ್ಮಿ. ಬೇರೆಲ್ಲ ಬಿಟ್ಟು ಕೀಲೇ ಯಾಕೆ ಅಂದರೆ ಇದೂ ಒಂದು ಕಾರಣ.

ಒಳಗೆ ಬಂದ ರಕ್ತ ಸುಮ್ಮನೆ ಕೂರುವುದಿಲ್ಲ. ಕೆಂಪು ಕಣಗಳು ಒಡೆದು ಕಬ್ಬಿಣ ಬಿಡುತ್ತವೆ. ರಕ್ತದ ಜೊತೆ ಬಂದ ಒಂದು ಬಗೆಯ ಬಿಳಿ ಕಣ, ಮಾನೋಸೈಟ್ ಅಂತ ಹೆಸರು, ಕಾರ್ಟಿಲೇಜಿನ ಜೀವಕೋಶಗಳನ್ನು ಕೆರಳಿಸುತ್ತದೆ. ಕೆರಳಿದ ಕೋಶಗಳು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತವೆ. ಗಾಯದ ಮೇಲೆ ಹಾಕಿದರೆ ಬುಸ್ ಅಂತ ನೊರೆ ಬರುತ್ತದಲ್ಲ, ಅದೇ. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದರೆ ಏನಾಗುತ್ತದೆ ಅಂತ 1894ರಲ್ಲೇ ಫೆಂಟನ್ ಎಂಬ ರಸಾಯನ ವಿಜ್ಞಾನಿ ಗಮನಿಸಿದ್ದ. ಒಳಗೆ ನಡೆಯುವುದು ಏನು ಅಂತ ಆಮೇಲೆ ಬೇರೆಯವರು ಕಂಡುಕೊಂಡರು. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಸಿಕ್ಕಿದ್ದನ್ನೆಲ್ಲ ಕಚ್ಚುವ ವಸ್ತು ಅದು. ಪೆರಾಕ್ಸೈಡ್ ಮಾಡಿದ ಕೋಶವನ್ನೇ ಮೊದಲು ಕೊಲ್ಲುತ್ತದೆ. ತೋಟದ ಕಾವಲುಗಾರನ ಕೈಯಲ್ಲೇ ಬೆಂಕಿಕಡ್ಡಿ ಕೊಟ್ಟ ಹಾಗೆ.

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಇದನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ ನೋಡಿದ್ದಾರೆ. ಮನುಷ್ಯರ ಆರೋಗ್ಯವಾದ ಕಾರ್ಟಿಲೇಜಿನ ಚೂರುಗಳನ್ನು ಅರ್ಧ ಪಾಲು ರಕ್ತ ಇರುವ ದ್ರಾವಣದಲ್ಲಿ ನಾಲ್ಕು ದಿನ ಇಟ್ಟರು. ಆಮೇಲೆ ರಕ್ತ ತೊಳೆದು ಬಿಟ್ಟರು. ದಿನಗಳು ಕಳೆದ ಮೇಲೂ ಅದು ಪ್ರೋಟಿಯೋಗ್ಲೈಕನ್ ಮಾಡುವುದು ಮೊದಲಿನ ಮಟ್ಟಕ್ಕೆ ಬರಲಿಲ್ಲ. ಮುಂದೆ ಹತ್ತನೇ ಒಂದು ಪಾಲು ರಕ್ತ, ಎರಡೇ ದಿನ ಇಟ್ಟು ನೋಡಿದರು. ಅಷ್ಟಕ್ಕೂ ಹಾನಿ ಉಳಿಯಿತು. ಎರಡು ದಿನ! ನಮ್ಮಲ್ಲಿ "ಶುಕ್ರವಾರ ರಾತ್ರಿ ಊದಿತು, ಸೋಮವಾರ ತೋರಿಸೋಣ" ಅನ್ನುವ ಲೆಕ್ಕಕ್ಕಿಂತ ಕಡಿಮೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಎಳೆಯ ಕಾರ್ಟಿಲೇಜಿಗೆ ಬಲಿತದ್ದಕ್ಕಿಂತ ಜಾಸ್ತಿ ಪೆಟ್ಟು ಬಿದ್ದದ್ದೂ ಕಂಡಿದೆ. ಚಿಕ್ಕ ಮಗು, ಬೆಳೆಯುತ್ತಾ ಸರಿಹೋಗುತ್ತೆ ಅನ್ನುವ ಮಾತು ಇಲ್ಲಿ ತಲೆಕೆಳಗು.

ಇದು ನೇರ ದಾರಿ. ಬಳಸು ದಾರಿ ಒಂದಿದೆ. ಕಬ್ಬಿಣವನ್ನು ಗುಡಿಸಿ ತಿನ್ನುವ ಕೆಲಸ ಸೈನೋವಿಯಂ ಪೊರೆಯದು. ತಿಂದು ತಿಂದು ಪೊರೆ ತುಕ್ಕಿನ ಬಣ್ಣಕ್ಕೆ ತಿರುಗಿ ದಪ್ಪ ಆಗುತ್ತದೆ, ಬೆರಳು ಬೆರಳಾಗಿ ಬೆಳೆಯುತ್ತದೆ. ಹಾಗೆ ಬೆಳೆದದ್ದಕ್ಕೆ ಹೊಸ ರಕ್ತನಾಳ ಬೇಕು. ಹೊಸ ನಾಳಗಳು ಗಟ್ಟಿ ಇರುವುದಿಲ್ಲ, ಬೇಗ ಒಡೆಯುತ್ತವೆ. ಮತ್ತೆ ಬ್ಲೀಡ್, ಮತ್ತೆ ಕಬ್ಬಿಣ, ಮತ್ತೆ ಬೆಳೆತ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ, ಏಟೇನೂ ಬೀಳದೆ, ಮೂರು ಅಥವಾ ಜಾಸ್ತಿ ಸಲ ಬ್ಲೀಡ್ ಆದರೆ ಅದನ್ನು ಟಾರ್ಗೆಟ್ ಜಾಯಿಂಟ್ ಅನ್ನುತ್ತಾರೆ. ಊದಿದ ಪೊರೆ ಬಿಡುವ ಕಿಣ್ವಗಳೂ ಕಾರ್ಟಿಲೇಜನ್ನು ತಿನ್ನುತ್ತವೆ. ಕೊನೆಗೆ ಮೂಳೆಗೆ ಮೂಳೆ ತಾಗುತ್ತದೆ, ನಡುವೆ ಧಾನ್ಯ ಇಲ್ಲದ ಬೀಸುಕಲ್ಲಿನ ಹಾಗೆ. ನನ್ನ ಕರಕರ ಸದ್ದು ಅದೇ. 1892ರಲ್ಲಿ ಜರ್ಮನಿಯ ಸರ್ಜನ್ ಫ್ರಾಂಜ್ ಕೋನಿಗ್ ಈ ಕೀಲಿನ ಮೂರು ಹಂತ ಬರೆದಿದ್ದರು. ಮೊದಲು ರಕ್ತ, ಆಮೇಲೆ ಉರಿಯೂತ, ಕೊನೆಗೆ ಸೆಟೆತ. ನೂರಮೂವತ್ತು ವರ್ಷ ಕಳೆದರೂ ನನ್ನ ಮಂಡಿ ಅವರ ಪುಸ್ತಕ ನೋಡಿಕೊಂಡೇ ಹಾಳಾದ ಹಾಗಿದೆ.

ಹಾಗಾದರೆ ಉಪಾಯ ಏನು? ಸ್ವೀಡನ್ನಿನ ಮಾಲ್ಮೊ ಊರಿನಲ್ಲಿ ಇಂಗಾ ಮರಿ ನಿಲ್ಸನ್ ಅಂತ ಒಬ್ಬ ವೈದ್ಯೆ ಇದ್ದರು. ಫ್ಯಾಕ್ಟರ್ ಶೇಕಡಾ 1ರಿಂದ 5 ಇರುವ ರೋಗಿಗಳಿಗೆ ಕೀಲು ಅಷ್ಟಾಗಿ ಹಾಳಾಗುವುದಿಲ್ಲ, 1ಕ್ಕಿಂತ ಕಡಿಮೆ ಇರುವವರಿಗೆ ಮಾತ್ರ ಹಾಳಾಗುತ್ತದೆ ಅನ್ನುವುದನ್ನು ಅಲ್ಲಿಯವರು ಗಮನಿಸಿದ್ದರು. ಅಂದರೆ ಪೂರ್ತಿ ನೂರು ಬೇಕಿಲ್ಲ. ಒಂದರ ಗೆರೆ ದಾಟಿಸಿದರೂ ಸಾಕಷ್ಟು ಕೆಲಸ ಆಗುತ್ತದೆ! 1958ರಲ್ಲೇ ಅವರು ಬ್ಲೀಡ್ ಆಗಲಿ ಬಿಡಲಿ, ಮುಂಚಿತವಾಗಿ ಫ್ಯಾಕ್ಟರ್ ಕೊಡುವುದನ್ನು ಶುರು ಮಾಡಿದರು. ಅದಕ್ಕೇ ಪ್ರೊಫಿಲ್ಯಾಕ್ಸಿಸ್ ಅನ್ನುವುದು. 25 ವರ್ಷದ ಲೆಕ್ಕ 1992ರಲ್ಲಿ ಹೊರಬಂತು. ಒಂದೆರಡು ವರ್ಷದ ಮಗುವಾಗಿದ್ದಾಗಲೇ ಶುರು ಮಾಡಿದವರ ಕೀಲುಗಳು ಎಕ್ಸ್‌ರೇಯಲ್ಲಿ ಬೇರೆ ಹುಡುಗರ ಕೀಲಿನ ಹಾಗೇ ಇದ್ದವು. ನಾನು ಕೆರೆ ಏರಿಯ ಮೇಲೆ ಬಿದ್ದಾಗ ಮಾಲ್ಮೊದಲ್ಲಿ ನನ್ನ ವಯಸ್ಸಿನ ಹುಡುಗರಿಗೆ ಇದು ಸಿಗುತ್ತಿತ್ತು. ಹೊಟ್ಟೆಕಿಚ್ಚು ಆಗುತ್ತದೆ ಅಲ್ವಾ? ನನಗಂತೂ ಆಗುತ್ತದೆ.

2007ರಲ್ಲಿ ಅಮೆರಿಕದಿಂದ ಇನ್ನೂ ಗಟ್ಟಿ ಸಾಕ್ಷಿ ಬಂತು. ಎರಡೂವರೆ ವರ್ಷದೊಳಗಿನ 65 ಗಂಡುಮಕ್ಕಳು. ಅರ್ಧ ಮಕ್ಕಳಿಗೆ ದಿನ ಬಿಟ್ಟು ದಿನ ಫ್ಯಾಕ್ಟರ್. ಉಳಿದವರಿಗೆ ಬ್ಲೀಡ್ ಆದಾಗ ಮಾತ್ರ, ಆದರೆ ಒಳ್ಳೆಯ ಡೋಸ್. ಆರು ವರ್ಷ ತುಂಬಿದಾಗ ಎಮ್‌ಆರ್‌ಐ ಮಾಡಿದರು. ಮೊದಲ ಗುಂಪಿನಲ್ಲಿ ನೂರಕ್ಕೆ 93 ಮಕ್ಕಳ ಕೀಲು ಸರಿ ಇತ್ತು. ಎರಡನೇ ಗುಂಪಿನಲ್ಲಿ 55. ಎರಡನೇ ಗುಂಪಿನ ಮಕ್ಕಳಿಗೂ ಔಷಧಿ ಕೊಟ್ಟಿದ್ದರು ಅನ್ನುವುದನ್ನು ಮರೆಯಬೇಡಿ. ಬ್ಲೀಡ್ ಆದ ಮೇಲೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಒಂದು ಪಾಲು ಕೈಬಿಟ್ಟು ಹೋಗುತ್ತದೆ. ಮತ್ತೊಂದು ವಿಚಿತ್ರ ಕಂಡಿತು. ಬ್ಲೀಡ್ ಆಗಿದ್ದೇ ಗೊತ್ತಿಲ್ಲದ ಕೆಲವು ಕೀಲುಗಳಲ್ಲೂ ಹಾನಿ ಇತ್ತು. ಊತ ಇಲ್ಲ, ನೋವಿಲ್ಲ, ಮಗು ಅತ್ತಿಲ್ಲ. ಚೂರು ಚೂರು ಜಿನುಗಿರಬೇಕು ಅಂತ ಡಾಕ್ಟರುಗಳ ಊಹೆ. ನಾನು ಆಗಲೇ ಹೇಳಿದೆನಲ್ಲ, ನೋವನ್ನು ನಂಬಬೇಡಿ ಅಂತ.

ಒಬ್ಬ ತಾಯಿ ಮಧ್ಯದಲ್ಲೇ ಕೈ ಎತ್ತಿದರು. "ಸರ್, ನಮ್ಮ ಹುಡುಗನಿಗೆ ವಾರಕ್ಕೆ ಮೂರು ಸಲ ಚುಚ್ಚಬೇಕು ಅಂತಾರೆ. ವಾರಕ್ಕೆ ಒಂದೇ ಸಲ ಮೂರರಷ್ಟು ಕೊಟ್ಟರೆ ಆಗಲ್ವಾ?" ಒಳ್ಳೆಯ ಪ್ರಶ್ನೆ. ಬೋರ್ಡಿನ ಮೇಲೆ ಬರೆದು ತೋರಿಸಿದೆ.

ಫ್ಯಾಕ್ಟರ್ 8 ಕಿಲೋಗೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಸುಮಾರು ಶೇಕಡಾ 2 ಏರುತ್ತದೆ. 20 ಕಿಲೋ ಮಗುವಿಗೆ 250 ಯೂನಿಟ್ಟಿನ ಒಂದು ವಯಲ್ ಹಾಕಿದರೆ ಮಟ್ಟ 25. ಹೆಚ್ಚೂಕಡಿಮೆ 12 ಗಂಟೆಗೆ ಅದು ಅರ್ಧ ಆಗುತ್ತದೆ ಅಂತ ಇಟ್ಟುಕೊಳ್ಳಿ, ಚಿಕ್ಕ ಮಕ್ಕಳಲ್ಲಿ ಇನ್ನೂ ಬೇಗ. ಹನ್ನೆರಡೂವರೆ, ಆರು, ಮೂರು, ಒಂದೂವರೆ. ಎರಡು ದಿನ ಕಳೆಯಿತು. ಮೂರನೇ ದಿನ ಒಂದರ ಗೆರೆಯಿಂದ ಕೆಳಗೆ. ಈಗ ಮೂರು ವಯಲ್ ಒಟ್ಟಿಗೆ ಹಾಕಿ, ಮಟ್ಟ 75. ಅರ್ಧ ಅರ್ಧ ಮಾಡುತ್ತಾ ಬನ್ನಿ. ಮೂರು ದಿನ ಆಗುವಷ್ಟರಲ್ಲಿ ಅದೂ ಒಂದರ ಹತ್ತಿರ. ಮೂರರಷ್ಟು ದುಡ್ಡು ಸುರಿದು ಒಂದು ದಿನವೂ ಪೂರ್ತಿ ಗಿಟ್ಟಲಿಲ್ಲ. ತೂತಿರುವ ಕೊಡಕ್ಕೆ ಒಂದೇ ಸಲ ತುಂಬುವುದಕ್ಕಿಂತ ಆಗಾಗ ಚೊಂಬಿನಲ್ಲಿ ಹಾಕುವುದೇ ಮೇಲು. ಫ್ಯಾಕ್ಟರ್ 9 ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ಹಾಗಾಗಿ ಅದು ಕಡಿಮೆ ಇರುವ, ಅಂದರೆ ಹಿಮೋಫಿಲಿಯಾ ಬಿ ಇರುವವರಿಗೆ ವಾರಕ್ಕೆ ಎರಡು ಸಲ ಸಾಕಾಗುತ್ತದೆ.

ಇದೇ ಕಾರಣಕ್ಕೆ ನಮ್ಮಂಥ ದೇಶಗಳಲ್ಲಿ ಕಡಿಮೆ ಡೋಸಿನ ಪ್ರೊಫಿಲ್ಯಾಕ್ಸಿಸ್ ಬಂದಿದೆ. ಕಿಲೋಗೆ 10 ಯೂನಿಟ್ಟಿನ ಹಾಗೆ ವಾರಕ್ಕೆ ಎರಡು ಮೂರು ಸಲ. ಸ್ವೀಡನ್ನಿನ ಡೋಸ್ ಮುಂದೆ ಇದು ಏನೂ ಅಲ್ಲ. ಆದರೆ ಬ್ಲೀಡ್ ಆದ ಮೇಲೆ ಮಾತ್ರ ಕೊಡುವುದಕ್ಕಿಂತ ಎಷ್ಟೋ ಮೇಲು. "ದೊಡ್ಡ ಡೋಸ್ ಸಿಕ್ಕಾಗ ಶುರು ಮಾಡೋಣ" ಅಂತ ಕಾಯಬೇಡಿ. ಕಾಯುವಷ್ಟು ಪುರುಸೊತ್ತು ಕಾರ್ಟಿಲೇಜಿಗಿಲ್ಲ.

ನಮ್ಮ ಕರ್ನಾಟಕದಲ್ಲಿ ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಉಚಿತ. ನಾನು ಹುಡುಗನಾಗಿದ್ದಾಗ ರಾತ್ರಿ ಬಸ್ಸಿನಲ್ಲಿ ಅಪ್ಪನ ತೊಡೆ ಮೇಲೆ ಕಾಲು ಚಾಚಿಕೊಂಡು ದೊಡ್ಡ ಊರಿಗೆ ಹೋಗಿ ಪ್ಲಾಸ್ಮಾ ಹಾಕಿಸಿಕೊಂಡು ಬರಬೇಕಿತ್ತು. ಈ ಬದಲಾವಣೆ ತಾನಾಗಿ ಬಂದದ್ದಲ್ಲ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೂ ಹಿಮೋಫಿಲಿಯಾ ಇದೆ. ಅಂಥವರು ಕುಂಟಿಕೊಂಡೇ ಓಡಾಡಿ ತಂದದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಹಿಮೋಫಿಲಿಯಾ ಕೂಡ ಸೇರಿದೆ. ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ನಾಚಿಕೆ ಬೇಡ. ಆದರೂ ಕೆಲವು ಸಲ ಆಸ್ಪತ್ರೆಗೆ ಹೋದರೆ "ಸ್ಟಾಕ್ ಇಲ್ಲ, ನಾಡಿದ್ದು ಬನ್ನಿ" ಅಂತಾರೆ, ನನಗೂ ಆಗಿದೆ. ಫೋನ್ ಮಾಡಿ ಕೇಳಿಕೊಂಡು ಹೊರಡಿ. ಪಕ್ಕದ ಜಿಲ್ಲೆಯ ನಂಬರೂ ಇಟ್ಟುಕೊಂಡಿರಿ.

ಫ್ಯಾಕ್ಟರ್ ಚುಚ್ಚಲು ರಕ್ತನಾಳ ಸಿಗುವುದಿಲ್ಲ ಅನ್ನುವುದು ಚಿಕ್ಕ ಮಕ್ಕಳ ಮನೆಯ ದೊಡ್ಡ ಗೋಳು. ಅಂಥವರಿಗೆ ಎಮಿಸಿಝುಮ್ಯಾಬ್ ದೊಡ್ಡ ಉಪಕಾರ ಮಾಡಿದೆ. ಹಿಮೋಫಿಲಿಯಾ ಎ ಇರುವವರಿಗೆ ಮಾತ್ರ. ಜಪಾನಿನಲ್ಲಿ ಹುಟ್ಟಿದ ಔಷಧಿ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಫ್ಯಾಕ್ಟರ್ 8 ಅಲ್ಲ. ಫ್ಯಾಕ್ಟರ್ 8 ಮಾಡುತ್ತಿದ್ದ ಕೆಲಸವನ್ನು, ಅಂದರೆ 9ನ್ನೂ 10ನ್ನೂ ಹತ್ತಿರ ತರುವುದನ್ನು, ಇದು ಮಾಡುತ್ತದೆ. ಮದುವೆ ದಲ್ಲಾಳಿ ಬದಲಾದ ಹಾಗೆ. ಚರ್ಮದ ಕೆಳಗೆ ಚುಚ್ಚಿದರೆ ಸಾಕು. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ. ಫ್ಯಾಕ್ಟರ್ ವಿರುದ್ಧ ಇನ್‌ಹಿಬಿಟರ್ ಎಂಬ, ಔಷಧಿಯನ್ನೇ ಕೆಡಿಸುವ ಪ್ರತಿಕಾಯ ಬೆಳೆದವರಿಗೂ ಕೆಲಸ ಮಾಡುತ್ತದೆ. ಬೆಲೆ ಮಾತ್ರ ಕೇಳಬೇಡಿ. ಇದನ್ನು ತೆಗೆದುಕೊಳ್ಳುವವರಿಗೂ ಏಟು ಬಿದ್ದಾಗ ಬೇರೆ ಔಷಧಿ ಬೇಕಾಗಬಹುದು. ಆಗ ಏನು ಕೊಡಬೇಕು ಅಂತ ಡಾಕ್ಟರ್ ಕೈಯಲ್ಲಿ ಮೊದಲೇ ಬರೆಸಿಕೊಳ್ಳಿ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಜೀನ್ ಥೆರಪಿ, ಅಂದರೆ ಫ್ಯಾಕ್ಟರ್ ಮಾಡುವ ಜೀನನ್ನೇ ದೇಹಕ್ಕೆ ಸೇರಿಸುವ ಚಿಕಿತ್ಸೆ, ನಡೆಯುತ್ತಿದೆ. ಹಿಮೋಫಿಲಿಯಾ ಎ ಇರುವ ಐದು ಜನರ ಫಲಿತಾಂಶ 2024ರ ಕೊನೆಗೆ ಪ್ರಕಟವಾಯಿತು, ಆಸೆ ಹುಟ್ಟಿಸುವ ಹಾಗಿದೆ. ಆದರೆ ಅದು ನಮ್ಮ ನಿಮ್ಮ ಮನೆಗೆ ಬರುವ ತನಕ ಕೀಲು ಉಳಿಸಿಕೊಳ್ಳುವುದು ನಮ್ಮ ಕೆಲಸ. ಸವೆದ ಕಾರ್ಟಿಲೇಜನ್ನು ಜೀನ್ ಥೆರಪಿ ವಾಪಸ್ ತರುವುದಿಲ್ಲ.

ಇಷ್ಟಾದರೂ ಬ್ಲೀಡ್ ಆಯಿತು ಅನ್ನಿ. ಆಗ ಗಡಿಯಾರ ನೋಡಿ. ಎರಡು ಗಂಟೆಯೊಳಗೆ ಫ್ಯಾಕ್ಟರ್ ಒಳಗೆ ಹೋಗಬೇಕು. ಊದಲಿ, ನೋಡೋಣ ಅನ್ನಬೇಡಿ. ಸಂಶಯ ಬಂದರೆ ಸಾಕು. ದೊಡ್ಡವರಾದ ನಮಗೆ ಊತಕ್ಕೆ ಮೊದಲೇ ಒಂದು ಸೂಚನೆ ಸಿಗುತ್ತದೆ. ಒಳಗೆ ಜುಮ್ಮೆನ್ನುತ್ತದೆ, ಇರುವೆ ಹರಿದ ಹಾಗೆ, ಬೆಚ್ಚಗೆ ಬಿಗಿದ ಹಾಗೆ. ಮಾತು ಬಾರದ ಮಗು ಹೇಳುವುದಿಲ್ಲ. ಅದು ಬಲಗೈಯಲ್ಲಿ ತಿನ್ನುತ್ತಿದ್ದದ್ದು ಎಡಗೈಗೆ ಬದಲಾಯಿಸಿದರೆ, ನಡೆಯುತ್ತಿದ್ದದ್ದು ತೆವಳತೊಡಗಿದರೆ, ಚಡ್ಡಿ ಹಾಕುವಾಗ ಒಂದೇ ಕಾಲನ್ನು ಎಳೆದುಕೊಂಡರೆ, ಅದೇ ಸೂಚನೆ. ಮನೆಯಲ್ಲೇ ಚುಚ್ಚುವುದನ್ನು ಕಲಿತ ಅಮ್ಮಂದಿರಿಗೆ ಎರಡು ಗಂಟೆ ಬೇಕಾದಷ್ಟಾಯಿತು. ಕಲಿಯದವರಿಗೆ ಬಸ್ ನಿಲ್ದಾಣದಲ್ಲೇ ಮುಗಿದುಹೋಗುತ್ತದೆ. ಮಗುವಿನ ಕೈಗೆ ಸೂಜಿ ಚುಚ್ಚುವುದು ಹೆತ್ತವರಿಗೆ ಸುಲಭ ಅಲ್ಲ, ಒಪ್ಪುತ್ತೇನೆ. ಆದರೂ ಕಲಿಯಿರಿ.

ಐಸ್ ಇಡುವುದರ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ನನಗೆ ನೋವಿಗೆ ಹಿತ ಅನ್ನಿಸುತ್ತದೆ, ಬಟ್ಟೆ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯುತ್ತೇನೆ. ಐಸ್ ಹುಡುಕುವುದರಲ್ಲಿ ಫ್ಯಾಕ್ಟರ್ ತಡ ಆಗಬಾರದು, ಅಷ್ಟೇ. ಶಾಖ ಬೇಡ. ಎಣ್ಣೆ ತಿಕ್ಕುವುದು ಬೇಡ. ಎಲುಬು ಕಟ್ಟುವವರ ಹತ್ತಿರ ಎಳೆಸುವುದಂತೂ ಬೇಡವೇ ಬೇಡ. ನೋವಿಗೆ ಪ್ಯಾರಸಿಟಮಾಲ್ ಆಗುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ನೀವಾಗಿ ತಗೊಳ್ಳಬೇಡಿ. ಮೆಡಿಕಲ್ ಶಾಪಿನವರು "ಒಂದು ಪೇನ್‌ಕಿಲ್ಲರ್ ತಗೊಳ್ಳಿ ಸರ್" ಅಂತ ಕೊಡುವುದು ಇವನ್ನೇ. ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಸ್ನಾಯುವಿನಲ್ಲೇ ಬ್ಲೀಡ್ ಆಗುತ್ತದೆ.

ನೋವು ಹೋದ ಮೇಲೆ? ಇಲ್ಲೇ ಎಲ್ಲರೂ ಎಡವುವುದು. ರಕ್ತದಲ್ಲಿ ನೆನೆದ ಕಾರ್ಟಿಲೇಜ್ ಮೆತ್ತಗಾಗಿರುತ್ತದೆ, ಆಗ ಅದರ ಮೇಲೆ ಪೂರ್ತಿ ಭಾರ ಹಾಕಬಾರದು. ಕಾಲಿಗಾದರೆ ಕೆಲವು ದಿನ ಊರುಗೋಲು. ಸ್ಕೂಲಿನಲ್ಲಿ ನಗುತ್ತಾರೆ ಅಂತ ಹುಡುಗರು ಬೇಡ ಅನ್ನುತ್ತಾರೆ, ಆ ಮೇಷ್ಟ್ರಿಗೆ ನನ್ನ ನಂಬರ್ ಕೊಡಿ. ಹಾಗಂತ ತಿಂಗಳುಗಟ್ಟಲೆ ಮಲಗಿಸುವುದೂ ತಪ್ಪು. ಕಾರ್ಟಿಲೇಜಿನ ಊಟವೇ ಓಡಾಟದಿಂದ ಅಂದೆನಲ್ಲ. ಫಿಸಿಯೋ ಹೇಳಿದ ದಿನದಿಂದ ನಿಧಾನಕ್ಕೆ ಆಡಿಸಬೇಕು.

ಒಂದು ಸಣ್ಣ ವಿಷಯ, ಯಾರೂ ನನಗೆ ಹೇಳಿರಲಿಲ್ಲ. ಊದಿದ ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ, ಮಂಡಿ ಸ್ವಲ್ಪ ಬಾಗಿದರೆ ಒಳಗಿನ ಬಿಗಿತ ತಗ್ಗುತ್ತದೆ. ಅಮ್ಮ ಪ್ರೀತಿಯಿಂದ ದಿಂಬು ಇಡುತ್ತಿದ್ದರು, ನಾನು ವಾರಗಟ್ಟಲೆ ಹಾಗೇ ಮಲಗುತ್ತಿದ್ದೆ. ಮಂಡಿ ಆ ಬಾಗನ್ನೇ ಕಲಿತುಬಿಟ್ಟಿತು. ಮೊದಲ ದಿನ ಇಡಿ, ಬೇಡ ಅನ್ನುವುದಿಲ್ಲ. ಆಮೇಲೆ ತೆಗೆಯಿರಿ. ಟವೆಲ್ ಸುರುಳಿ ಸುತ್ತಿ ಮಂಡಿ ಕೆಳಗಿಟ್ಟು ಅದನ್ನು ಹಾಸಿಗೆಗೆ ಒತ್ತಲು ಹೇಳಿ. ತೊಡೆಯ ಮುಂದಿನ ಸ್ನಾಯು ಗಟ್ಟಿಯಾಗುತ್ತದೆ. ಆ ಸ್ನಾಯುವೇ ಮಂಡಿಯ ಷಾಕ್ ಅಬ್ಸಾರ್ಬರ್. ಈಜು ಎಲ್ಲಕ್ಕಿಂತ ಒಳ್ಳೆಯದು. ಮೈ ತೂಕ ಏರಲು ಬಿಡಬೇಡಿ. ಪಾಪ, ಕಾಯಿಲೆ ಹುಡುಗ ಅಂತ ಎರಡು ಹೋಳಿಗೆ ಜಾಸ್ತಿ ಹಾಕುವ ಅಜ್ಜಿಯರಿಗೂ ಇದನ್ನು ಹೇಳಿ.

ಕೀಲು ಹೇಗಿದೆ ಅಂತ ನೋಡಲು ವೆಲ್ಲೂರಿನವರೇ ಫಿಶ್ ಅಂತ ಒಂದು ಪರೀಕ್ಷೆ ಮಾಡಿದ್ದಾರೆ. ಎಂಟು ಕೆಲಸ, ಒಂದೊಂದಕ್ಕೆ 4ರ ತನಕ ಅಂಕ, ಒಟ್ಟು 32. ಊಟ, ಸ್ನಾನ, ಬಟ್ಟೆ, ಮೆಟ್ಟಿಲು, ಓಟ ಇವುಗಳ ಜೊತೆ ಕುಕ್ಕರುಗಾಲಲ್ಲಿ ಕೂತು ಏಳುವುದೂ ಇದೆ. ಅದು ನಮ್ಮ ದೇಶದವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ನಮ್ಮ ಕಕ್ಕಸು, ನಮ್ಮ ಗದ್ದೆ ಕೆಲಸ ಎಲ್ಲ ಅದರ ಮೇಲೇ ನಿಂತಿದೆ. ಆ ಪ್ರಶ್ನೆಗೆ ನನಗೆ ಸಿಕ್ಕಿದ್ದು ನಾಲ್ಕಕ್ಕೆ ಒಂದೇ ಅಂಕ. ಮೇಷ್ಟ್ರು ಫೇಲ್.

ಮಾತು ಮುಗಿಸಿ ಪ್ರಶ್ನೆ ಇದ್ದರೆ ಕೇಳಿ ಅಂದೆ. ಕಬಡ್ಡಿ ಆಡಬಹುದಾ ಅಂತ ಒಬ್ಬ ಕೇಳಿದ, ಬೇಡಪ್ಪ ಅಂದೆ. ಬ್ಯಾಡ್ಮಿಂಟನ್? ಫ್ಯಾಕ್ಟರ್ ಹಾಕಿಸಿಕೊಂಡ ದಿನ, ಡಾಕ್ಟರ್ ಒಪ್ಪಿದರೆ. ಹಿಂದಿನ ಸಾಲಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಎದ್ದು ನಿಂತ. "ಅಜ್ಜಾ, ನೀವು ಇರುವೆ ಹರಿದ ಹಾಗೆ ಅಂದಿರಲ್ಲ. ಪಾದದ ಹತ್ತಿರ ಆದರೂ ಅದೇನಾ?"

"ಹೌದಪ್ಪ. ಯಾವಾಗ ಆಗಿತ್ತು?"

"ಈಗ ಆಗ್ತಿದೆ. ನೀವು ಕೋಳಿ ಕಾಲು ಅಂದಾಗಿಂದ."

ಸಭೆಯಲ್ಲಿ ನಗು ಎದ್ದಿತು. ಅವನಮ್ಮ ನಗಲಿಲ್ಲ. ಬಗ್ಗಿ ಎರಡೂ ಪಾದ ಮುಟ್ಟಿ ನೋಡಿದರು, ಗೋಡೆ ಗಡಿಯಾರ ನೋಡಿದರು, ಬ್ಯಾಗಿನಿಂದ ಐಸ್ ಪ್ಯಾಕ್ ಇಟ್ಟಿದ್ದ ಸ್ಟೀಲ್ ಡಬ್ಬಿ ತೆಗೆದರು. ಅದರೊಳಗೆ ವಯಲ್ ಇತ್ತು. ಪಕ್ಕದ ಕೋಣೆಯಲ್ಲಿ ಚುಚ್ಚಿ, ಹುಡುಗನನ್ನು ಅವನಪ್ಪನ ಹೆಗಲ ಮೇಲೆ ಹಾಕಿ ಹೊರಟರು. ಪಾಯಸ ಬಡಿಸುತ್ತಿದ್ದರು. ಕಾಯಲಿಲ್ಲ.